ಪೆಟ್ಟಿಗೆ ಇದ್ದ ಜಾಗ

ಮಾರ್ಚ್ ೩, ಸೋಮವಾರ

ರೀಮೇಕಿನ ಕೆಲಸಕ್ಕೆ ಇಂದು ಒಪ್ಪಿಕೊಂಡೆ. ಎಂದಿನಂತೆ ಕಂಟಿನ್ಯೂಟಿ, ಶಾಟುಗಳ ಹೊಂದಾಣಿಕೆ ನೋಡುವ ಕೆಲಸ. ನಿರ್ದೇಶಕನಿಗೆ ಮೂವತ್ತೈದರ ಆಸುಪಾಸು. ಮೂಲ ಚಿತ್ರ ತೆರೆಗೆ ಬಂದಾಗ ಅವನಿನ್ನೂ ಹುಟ್ಟಿರಲಿಲ್ಲ. ನಾನು ಆಗ ಆರು ವರ್ಷದವಳು, ಆ ಚಿತ್ರದೊಳಗೇ ಇದ್ದೆ. ನನ್ನನ್ನು ಕರೆದದ್ದು ಅದಕ್ಕೇ ಎಂದು ನಿರ್ಮಾಪಕರು ಮುಚ್ಚುಮರೆಯಿಲ್ಲದೆ ಹೇಳಿದರು. "ಆ ಮಗೂನೇ ಈಗ ನಮ್ಮ ಜೊತೆ ಕೆಲಸ ಮಾಡ್ತಿದೆ ಅಂದ್ರೆ ಪತ್ರಿಕೆಯವರು ಬರೀತಾರೆ." ಮಗುವಿಗೆ ಈಗ ನಲವತ್ತೇಳು. ಓದುವ ಕನ್ನಡಕ ಬೇರೆ, ನಡೆಯುವ ಕನ್ನಡಕ ಬೇರೆ.

ನಿರ್ದೇಶಕ ಸಭ್ಯ. ಅಕ್ಕ ಎನ್ನುತ್ತಾನೆ. ಮೂಲವನ್ನು ಎಷ್ಟು ಸಲ ನೋಡಿದ್ದಾನೆಂದರೆ ಅದರ ಸಂಭಾಷಣೆ ಅವನ ಮಾತಿನ ನಡುವೆ ಅವನಿಗೇ ತಿಳಿಯದೆ ನುಸುಳುತ್ತದೆ. ಒಂದೊಂದು ಶಾಟನ್ನೂ ಇದ್ದ ಹಾಗೆಯೇ ತೆಗೆಯಬೇಕೆಂಬುದು ಅವನ ಹಟ. "ಬದಲಾಯಿಸೋಕೆ ನಾನ್ಯಾರು ಅಕ್ಕ?" ಎಂದ. ಹಾಗಾದರೆ ತೆಗೆಯುವುದಾದರೂ ಏಕೆ ಎಂದು ನಾನು ಕೇಳಲಿಲ್ಲ. ನನ್ನ ಕೆಲಸ ಕೇಳುವುದಲ್ಲ, ಬರೆದುಕೊಳ್ಳುವುದು.

ರೀಮೇಕುಗಳ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆದಿಡುತ್ತೇನೆ. ಯಾವುದೂ ಮೂಲದ ಹತ್ತಿರಕ್ಕೂ ಬರುವುದಿಲ್ಲ. ಅನುವಾದದ ಮಾತು ಬೇರೆ. ನಾನು ಓದುವ ಕಾದಂಬರಿಗಳೆಲ್ಲ ಅನುವಾದಗಳೇ. ಅವುಗಳ ಹಿಂದೆ ಇನ್ನೊಂದು ಪುಸ್ತಕ ಇದೆ, ನನಗೆ ಬಾರದ ಭಾಷೆಯಲ್ಲಿದೆ, ಇದಿಲ್ಲದೆ ನನಗೆ ಅದಿಲ್ಲ. ರೀಮೇಕಿಗೆ ಆ ನೆಪವೂ ಇಲ್ಲ. ಅದೇ ಭಾಷೆ, ಅದೇ ಕಥೆ. ಬೇಕಾದವರು ಹಳೆಯದನ್ನೇ ಹಾಕಿಕೊಂಡು ನೋಡಬಹುದು.

ಮಧ್ಯಾಹ್ನ ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಹಿಗ್ಗಿದಳು. ಮಾತ್ರೆ ನುಂಗಿದಳೇ ಎಂದು ಕೇಳಲು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿದೆ, ಹೊರಡುವಾಗ ಇನ್ನೊಮ್ಮೆ. ಮನೆ ತಲುಪಿ ಬೀಗದ ಕೈ ತಿರುಗಿಸುತ್ತಿದ್ದಂತೆ ಒಳಗಿನಿಂದ, "ಇಲ್ಲೇ ಇದೀನಿ!" ಬಚ್ಚಲಿನಲ್ಲಿದ್ದಳು. ಎಲ್ಲಿದ್ದರೂ ಹಾಗೆ ಕೂಗುವುದು ಅವಳ ಅಭ್ಯಾಸ.

ಮಾರ್ಚ್ ೬, ಗುರುವಾರ

ಎಡಿಟಿಂಗ್ ಕೋಣೆಯಲ್ಲಿ ದಿನವಿಡೀ ಮೂಲ ಚಿತ್ರ. ನಿರ್ದೇಶಕ, ಛಾಯಾಗ್ರಾಹಕರು, ನಾನು. ಶಾಟ್ ಶಾಟಿಗೂ ನಿಲ್ಲಿಸಿ, ಯಾರ ಕೈಯಲ್ಲಿ ಏನಿದೆ, ಲೋಟದಲ್ಲಿ ಟೀ ಎಷ್ಟಿದೆ, ಯಾವ ಗುಂಡಿ ಬಿಚ್ಚಿದೆ ಎಂದು ಚಾರ್ಟಿಗೆ ಇಳಿಸುತ್ತ ಹೋದೆ. ಸಾಮಾನ್ಯವಾಗಿ ಒಂದು ಶಾಟಿನಿಂದ ಮುಂದಿನದಕ್ಕೆ ಇವೆಲ್ಲ ಹೊಂದುವಂತೆ ನೋಡಿಕೊಳ್ಳುತ್ತೇನೆ. ಈ ಸಲ ನಲವತ್ತು ವರ್ಷದ ಹಿಂದಿನ ಶಾಟಿಗೆ ಹೊಂದಿಸಬೇಕು.

ಛಾಯಾಗ್ರಾಹಕರು ವಯಸ್ಸಾದವರು, ನಾಲಿಗೆ ಚುರುಕು. ನನಗೆ ಸಿಐಡಿ ಎಂದು ಹೆಸರಿಟ್ಟಿದ್ದಾರೆ. ನಾನು ಒಳಗೆ ಕಾಲಿಟ್ಟರೆ, "ಸಿಐಡಿ ಬಂದ್ರು, ಎಲ್ಲರೂ ಗುಂಡಿ ಹಾಕ್ಕೊಳ್ರಪ್ಪಾ" ಎನ್ನುತ್ತಾರೆ. ನಾಯಕನ ಕೈಗಡಿಯಾರ ಒಂದು ಶಾಟಿನಲ್ಲಿ ಎಡಗೈಯಲ್ಲೂ ಮರುಶಾಟಿನಲ್ಲಿ ಬಲಗೈಯಲ್ಲೂ ಇರುವುದನ್ನು ನಾನು ತೋರಿಸಿದೆ. ನಿರ್ದೇಶಕನ ಮುಖ ಬಾಡಿತು.

"ಇದನ್ನೂ ಹಾಗೇ ತೆಗೀಬೇಕಾ?" ಎಂದು ಛಾಯಾಗ್ರಾಹಕರು ಕೇಳಿದರು.

"ಬೇಡ... ಅಥವಾ..." ಅವನು ನಿಜವಾಗಿಯೂ ಯೋಚಿಸತೊಡಗಿದ.

"ಮೂಲ ಅಂದ್ರೆ ತೀರಿಕೊಂಡ ಮಾವ ಇದ್ದ ಹಾಗೆ ಕಣಯ್ಯ. ಬದುಕಿದ್ದಾಗ ಎಷ್ಟೇ ಜಗಳ ಆಡಿರಲಿ, ಹೋದ ಮೇಲೆ ದೇವರಂಥ ಮನುಷ್ಯ."

ಕಥೆ ಸಣ್ಣದು. ಬಾಡಿಗೆ ಮನೆ, ಗಂಡ, ಹೆಂಡತಿ, ಒಬ್ಬಳು ಮಗಳು. ಗಂಡಹೆಂಡಿರ ನಡುವೆ ಹಳಸುತ್ತ ಬರುತ್ತದೆ. ಒಂದು ದಿನ ಮಗಳು ಶಾಲೆಯಿಂದ ಬಂದು ಬಾಗಿಲು ತಳ್ಳಿದರೆ ಕೋಣೆ ಖಾಲಿ. ಗೋಡೆಯ ಗಾಜಿನ ಬೀರು ಮಾತ್ರ ಉಳಿದಿದೆ. ಮಗು ಹೊಸ್ತಿಲ ಮೇಲೆ ನಿಂತು, ಯಾರೋ ಆಟ ಆಡಿಸುತ್ತಿದ್ದಾರೆ ಎಂಬಂತೆ ಮೊದಲು ನಗುತ್ತದೆ. ಆಮೇಲೆ ಅಳುತ್ತದೆ. ನಡುವೆ ಕತ್ತರಿಯೇ ಇಲ್ಲ, ಒಂದೇ ಶಾಟ್. ಚಿತ್ರ ಮರೆತವರಿಗೂ ಈ "ಬಾಗಿಲ ಶಾಟ್" ನೆನಪಿರುತ್ತದೆ. ಮಗುವಿನ ದೃಷ್ಟಿ ಕ್ಯಾಮೆರಾದ ಕೊಂಚ ಎಡಕ್ಕೆ, ನೆಲದ ಕಡೆಗೆ ಇದೆ. ಅದರ ಮೇಲೆ ಲೇಖನಗಳು ಬಂದಿವೆ. ಒಬ್ಬರು, ಅವಳು ನೋಡುತ್ತಿರುವುದು ನಮ್ಮೆಲ್ಲರ ಮುಗಿದ ಬಾಲ್ಯವನ್ನು ಎಂದು ಬರೆದಿದ್ದರು.

ನಾನು ಈ ಚಿತ್ರವನ್ನು ಇಡಿಯಾಗಿ ನೋಡಿದವಳಲ್ಲ. ಥಿಯೇಟರಿಗೆ ಬಂದಾಗ ಆ ಭಾಗಕ್ಕೆ ಸರಿಯಾಗಿ ಅಮ್ಮ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಬಿಸ್ಕತ್ತು ಕೊಡಿಸಿದ್ದಳು. ಇಂದೂ ಆ ಶಾಟ್ ಬರುವ ಹೊತ್ತಿಗೆ ಅಮ್ಮನಿಗೆ ಫೋನ್ ಮಾಡಬೇಕಿತ್ತು, ಹೊರಗೆ ಹೋದೆ. ಅದರ ಚಾರ್ಟ್ ಇನ್ನೊಂದು ದಿನ ಮಾಡಿದರಾಯಿತು.

ಮಾರ್ಚ್ ೯, ಭಾನುವಾರ

ನಿರ್ದೇಶಕ ಅಮ್ಮನನ್ನು ನೋಡಲು ಮನೆಗೆ ಬಂದಿದ್ದ. ಮೂಲದಲ್ಲಿ ಅಮ್ಮ ನಾಯಕಿಯ ಹೇರ್‌ಡ್ರೆಸ್ಸರ್. ಅಪ್ಪ ಅದೇ ವರ್ಷ ಒಂದು ದಿನ ಹೊರಗೆ ಹೋದವನು ತಿರುಗಿ ಬಂದಿರಲಿಲ್ಲ, ಮನೆಯಲ್ಲಿ ಬಿಟ್ಟು ಬರಲು ಯಾರೂ ಇರಲಿಲ್ಲವಾದ್ದರಿಂದ ನನ್ನನ್ನು ಸೆಟ್ಟಿಗೆ ಕರೆದೊಯ್ಯುತ್ತಿದ್ದಳು. ಹಾಗೆ ನಾನು ಚಿತ್ರದೊಳಗೆ ಸೇರಿದ್ದು.

ಅಮ್ಮ ತನ್ನ ಹಳೆಯ ತಗಡಿನ ಪೆಟ್ಟಿಗೆಯನ್ನು ತಂದು ತೋರಿಸಿದಳು. ಮುಚ್ಚಳದ ಮೇಲೆ ಬಿಳಿ ಬಣ್ಣದ ಗಿಳಿ. ಆಗ ಅದರ ತುಂಬ ಬಾಚಣಿಗೆ, ಪಿನ್ನು. ಈಗ ಗುಂಡಿ, ಮಾತ್ರೆ. ಸೆಟ್ಟಿನಲ್ಲಿ ಅದು ಯಾವಾಗಲೂ ಅವಳ ಕುರ್ಚಿಯ ಕಾಲಿನ ಪಕ್ಕದಲ್ಲೇ ಇರುತ್ತಿತ್ತು. ನಿರ್ದೇಶಕ ಹುಡುಗ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ.

ಆಮೇಲೆ ಅಮ್ಮ ಬಾಗಿಲ ಶಾಟಿನ ಕಥೆ ಹೇಳಿದಳು. ಬಂದವರಿಗೆಲ್ಲ ಹೇಳುತ್ತಾಳೆ.

"ನಾನು ಊಟಕ್ಕೆ ಹೋಗಿದ್ದೆ ಕಣಪ್ಪ. ಬರೋ ಹೊತ್ತಿಗೆ ಇವಳು ಅತ್ತು ಅತ್ತು ಬಿಕ್ಕಳಿಸ್ತಾ ಇದಾಳೆ. ಏನಾಯ್ತು ಅಂತ ಕೇಳಿದ್ರೆ, ಆ ಮಹಾನುಭಾವ, ನಿಮ್ಮಮ್ಮನೂ ಹೊರಟುಹೋದ್ಲು, ನೀನು ಅಳುಬುರುಕಿ ಅಂತ ಬೇಜಾರಾಗಿ ಹೋದ್ಲು, ಇನ್ನು ಬರಲ್ಲ ಅಂತ ಹೇಳಿದಾನೆ! ಅಳಲಿ ಅಂತ! ದೊಡ್ಡ ನಿರ್ದೇಶಕ ಆದ್ರೆ ನನಗೇನು? ಇಡೀ ಯೂನಿಟ್ ಎದುರಿಗೆ ನೀರಿಳಿಸಿದೆ. ಕೈಯಲ್ಲಿದ್ದ ಬಾಚಣಿಗೆ ತೆಗೆದು ಅವನ ಮೇಲೆ ಎಸೆದೆ."

ಅಮ್ಮ ಸಲಕ್ಕೊಂದು ವಸ್ತು ಎಸೆಯುತ್ತಾಳೆ. ಹಿಂದೆ ಅದು ಪೌಡರ್ ಡಬ್ಬಿಯಾಗಿತ್ತು, ಒಮ್ಮೆ ಚಪ್ಪಲಿಯೂ ಆಗಿತ್ತು. ಕಂಟಿನ್ಯೂಟಿ ತಪ್ಪು, ನಾನು ತಿದ್ದಲು ಹೋಗುವುದಿಲ್ಲ.

ಹುಡುಗ ನಕ್ಕ, ಪೂರ್ತಿ ನಗಲಿಲ್ಲ. "ಈಗೆಲ್ಲ ಹಾಗೆ ಮಾಡೋಕಾಗಲ್ಲ ಬಿಡಿ ಅಮ್ಮ. ನಮ್ಮ ಮಗು ಒಳ್ಳೆ ನಟಿ."

"ನೋಡೋಣ" ಎಂದಳು ಅಮ್ಮ.

ಮಾರ್ಚ್ ೧೪, ಶುಕ್ರವಾರ

ಚಿತ್ರೀಕರಣ ಶುರುವಾಯಿತು. ಮಗುವಿಗೆ ಏಳು ವರ್ಷ. ಯೂನಿಟ್ಟಿನವರು ಪಿಟೀಲು ಎನ್ನುತ್ತಾರೆ: ದನಿ ತೆಳು, ನಿಲ್ಲುವುದಿಲ್ಲ. ನನಗೆ ಚಾರ್ಟ್ ಆಂಟಿ ಎಂದು ನಾಮಕರಣ ಮಾಡಿದಳು.

"ಚಾರ್ಟ್ ಆಂಟಿ, ನೀವು ಎಲ್ಲಾನೂ ಬರ್ಕೋತೀರಾ?"

"ಕಂಡದ್ದನ್ನ."

"ನಾನು ಮೂಗಲ್ಲಿ ಬೆರಳು ಹಾಕಿದ್ದು?"

"ಎಡಗೈ, ತೋರುಬೆರಳು."

ಅವಳು ಅಪ್ಪನ ಬಳಿಗೆ ಓಡಿಹೋಗಿ ದೂರು ಕೊಟ್ಟಳು. ಅಪ್ಪ ಲಿಫ್ಟ್ ಮೆಕ್ಯಾನಿಕ್. ತಾಯಿ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್, ತಿಂಗಳಿಗೊಮ್ಮೆ ಬರುತ್ತಾರಂತೆ. ಅಪ್ಪ ರಜೆ ಹಾಕಿ ಮಗಳೊಂದಿಗೆ ಬರುತ್ತಾನೆ, ಆದರೂ ಸಲಕರಣೆಯ ಕಿತ್ತಳೆ ಬಣ್ಣದ ಚೀಲ ಬಿಟ್ಟಿರುವುದಿಲ್ಲ, ಯಾರಾದರೂ ಕರೆದಾರೆಂದು. ಅವನು ಟೀ ಕುಡಿಯಲೋ ಫೋನಿನಲ್ಲಿ ಮಾತಾಡಲೋ ಹೋದರೆ ಚೀಲವನ್ನು ಕುರ್ಚಿಯ ಪಕ್ಕ ಇಟ್ಟು ಹೋಗುತ್ತಾನೆ. ಪಿಟೀಲು ಒಂದೊಂದು ಟೇಕ್ ಮುಗಿದಾಗಲೂ ಮೊದಲು ಅದನ್ನು ನೋಡುತ್ತಾಳೆ. "ಚೀಲ ಇದ್ರೆ ಅಪ್ಪ ಇದಾನೆ" ಎಂದು ನನಗೆ ವಿವರಿಸಿದಳು. "ಬಾತ್‌ರೂಮಲ್ಲಿದ್ರೂನೂ."

ಕೆಳಗಿನ ಸಾಲಿನ ಮುಂದಿನ ಹಲ್ಲು ಅಲುಗಾಡುತ್ತಿದೆ. ಚಾರ್ಟಿನಲ್ಲಿ ಬರೆದೆ.

ಅಮ್ಮನಿಗೆ ಊಟದ ಹೊತ್ತಿನಲ್ಲಿ ಫೋನ್, ಟೀ ಹೊತ್ತಿನಲ್ಲಿ ಫೋನ್. ಎರಡನೆಯ ಸಲ ಎತ್ತಲು ತಡಮಾಡಿದಳು, ನಾನು ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದೆ, ಒಂದು ಟೇಕ್ ತಪ್ಪಿತು. ಬಟ್ಟೆ ಒಣಹಾಕಲು ಹೋಗಿದ್ದಳಂತೆ.

ಮಾರ್ಚ್ ೧೮, ಮಂಗಳವಾರ

ಪಿಟೀಲು ಬಾಳೆಹಣ್ಣು ತಿನ್ನುವಾಗ ಹಲ್ಲನ್ನು ನಾಲಿಗೆಯಿಂದ ತಳ್ಳಿ ಎಲ್ಲರಿಗೂ ತೋರಿಸಿದಳು. ನಿರ್ದೇಶಕ ಕೂತಲ್ಲಿಂದ ಎದ್ದುಬಿಟ್ಟ. ಹಲ್ಲು ಬಿದ್ದರೆ ಹಿಂದಿನ ದೃಶ್ಯಗಳಲ್ಲಿ ಇದ್ದ ಹಲ್ಲು ಬಾಗಿಲ ಶಾಟಿನಲ್ಲಿ ಇರುವುದಿಲ್ಲ. ಮೂಲದ ಮಗುವಿಗೆ, ಅಂದರೆ ನನಗೆ, ಎಲ್ಲ ಹಲ್ಲೂ ಇತ್ತು.

"ಅಕ್ಕ, ನೀವು ನೋಡಿರಲಿಲ್ವಾ?"

"ಶುಕ್ರವಾರವೇ ಬರೆದಿದ್ದೀನಿ."

"ಬರೆದರೆ? ಬಾಯಲ್ಲಿ ಒಂದು ಮಾತು ಹೇಳಬಾರದಾ?"

"ಸಿಐಡಿ ರಿಪೋರ್ಟ್ ಬರೀತಾರೆ, ಬಾಯಿ ಬಿಡಲ್ಲ" ಎಂದರು ಛಾಯಾಗ್ರಾಹಕರು. ಎಲ್ಲರೂ ನಕ್ಕರು. ಅವನು ಕೇಳಿದ್ದು ಸರಿಯಾಗಿತ್ತು. ಇಷ್ಟು ವರ್ಷದ ಕೆಲಸದಲ್ಲಿ ಮೊದಲ ಸಲ ನನ್ನ ಚಾರ್ಟ್ ಸರಿಯಿದ್ದೂ ಕೆಲಸ ಕೆಟ್ಟಿತು. ಬಾಗಿಲ ಶಾಟನ್ನು ಗುರುವಾರಕ್ಕೇ ಹಾಕಿಕೊಂಡಿದ್ದಾರೆ.

ಸಂಜೆ ಓದಿದೆ. ರೈಲಿನ ಸಿಗ್ನಲ್ ಕಾಯುವವನೊಬ್ಬ, ಅವನ ಇಬ್ಬರು ಹೆಣ್ಣುಮಕ್ಕಳು. ಹತ್ತೊಂಬತ್ತರ ವಯಸ್ಸಿನಲ್ಲಿ ಓದಿ ಬಹಳ ಮೆಚ್ಚಿದ ಕಾದಂಬರಿ. ಈಗ ಇನ್ನೊಬ್ಬರು ಹೊಸದಾಗಿ ಅನುವಾದಿಸಿದ್ದಾರೆ. ಹಳೆಯದನ್ನೂ ಪಕ್ಕದಲ್ಲಿಟ್ಟುಕೊಂಡಿದ್ದೇನೆ. ದೊಡ್ಡ ಮಗಳು ಹೊರಟುಹೋಗುವ ಕಡೆ ನಾನು ಆಗ ಅಡಿಗೆರೆ ಎಳೆದಿದ್ದ ವಾಕ್ಯವೊಂದಿದೆ: ದೀಪ ಹಸಿರಾಯಿತು, ಆದರೆ ಅವನಿಗೆ ಅದು ಕೆಂಪಾಗಿಯೇ ಕಂಡಿತು. ಹೊಸದರಲ್ಲಿ ಆ ವಾಕ್ಯವೇ ಇಲ್ಲ. ದೀಪ ಹಸಿರಾಯಿತು, ಅಷ್ಟೇ. ಎರಡನೆಯ ಸಲ ಮಾಡಹೊರಟವರೆಲ್ಲ ಹೀಗೆಯೇ. ಇರುವುದನ್ನು ಕಳೆಯುತ್ತಾರೆ.

ಮಾರ್ಚ್ ೨೦, ಗುರುವಾರ

ಬಾಗಿಲ ಶಾಟ್ ಆಗಲಿಲ್ಲ.

ಕೋಣೆ ಮೂಲದ ಕೋಣೆಯೇ, ಗಾಜಿನ ಬೀರು ಸಮೇತ. ಬೆಳಗ್ಗೆಯಿಂದ ಟೇಕ್ ಮೇಲೆ ಟೇಕ್. ಪಿಟೀಲು ಹೇಳಿದ ಹಾಗೆ ನಗುತ್ತಾಳೆ, ಹೇಳಿದ ಹಾಗೆ ಅಳುತ್ತಾಳೆ. ತಪ್ಪೇನೂ ಇಲ್ಲ. ಆದರೆ ನಗು ಮುಗಿದು ಅಳು ಶುರುವಾಗುತ್ತದೆ. ಮೂಲದಲ್ಲಿ ನಗುವೇ ಅಳುವಾಗುತ್ತದೆ. ಕಣ್ಣಿಗೆ ಗ್ಲಿಸರಿನ್ ಹಾಕಿದರು. ಉರಿ ಎಂದು ಗೊಣಗಿದಳು.

ಮಧ್ಯದಲ್ಲಿ ಒಂದು ಟೇಕಿನಲ್ಲಿ ಅವಳು ಬಾಗಿಲು ತಳ್ಳಿ, ಖಾಲಿ ಕೋಣೆ ನೋಡಿ, ನಗಲೂ ಇಲ್ಲ, ಅಳಲೂ ಇಲ್ಲ. ಹೊಸ್ತಿಲ ಮೇಲೆ ಕೂತು ಶೂ ಬಿಚ್ಚಿದಳು. ಎರಡನ್ನೂ ಜೋಡಿಸಿ ಗೋಡೆಗೆ ಒರಗಿಸಿಟ್ಟಳು. ಆಮೇಲೆ ಒಳಗೆ ಹೋಗಿ ನಡುಮಧ್ಯೆ ನಿಂತಳು.

"ಕಟ್, ಕಟ್. ಪುಟ್ಟಾ, ಇದೇನಿದು?"

"ಶೂ ಹಾಕ್ಕೊಂಡು ಒಳಗೆ ಹೋದ್ರೆ ಅಮ್ಮ ಬೈಯಲ್ವಾ ಅಂಕಲ್?"

"ಅಮ್ಮನೇ ಇಲ್ವಲ್ಲಮ್ಮ, ಮನೆ ಖಾಲಿ ಅಲ್ವಾ?"

"ಬಂದ್ರೆ?"

ಮೂಲದಲ್ಲಿ ಶೂ ಇಲ್ಲ. ಆ ಟೇಕನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಾನು ಬರೆದುಕೊಂಡೆ: ಮೊದಲು ಬಲಗಾಲಿನದು, ಆಮೇಲೆ ಎಡದ್ದು.

ಊಟದ ನಂತರ ನಿರ್ದೇಶಕ ಅವಳ ಮುಂದೆ ಮಂಡಿಯೂರಿ ಕೂತ. ಅವನ ಮುಖ ನನಗೆ ಕಾಣುತ್ತಿರಲಿಲ್ಲ. "ಪುಟ್ಟಾ, ನಿನಗೊಂದು ವಿಷಯ ಹೇಳಬೇಕು. ನಿಮ್ಮಪ್ಪ ಹೊರಟುಹೋದ್ರು. ಇನ್ನು ಬರಲ್ಲ ಅಂದ್ರು." ಪಿಟೀಲು ಅವನ ಭುಜದಾಚೆ ಇಣುಕಿ ಕಿಸಕ್ಕನೆ ನಕ್ಕಳು. "ಚೀಲ ಇಲ್ಲೇ ಇದೆಯಲ್ಲ ಅಂಕಲ್! ನಿಮಗೆ ಸುಳ್ಳು ಹೇಳೋಕೇ ಬರಲ್ಲ." ಲೈಟಿನವರೆಲ್ಲ ನಕ್ಕರು. ಅವನೂ ನಕ್ಕ, ಕಿವಿ ಕೆಂಪಾಗಿತ್ತು.

ಪ್ಯಾಕಪ್ ಆದ ಮೇಲೆ ನನ್ನ ಬಳಿ ಬಂದ. "ನೀವು ಹೇಗೆ ನಂಬಿದ್ರಿ ಅಕ್ಕ?"

"ನೆನಪಿಲ್ಲ" ಎಂದೆ. ನಿಜವಾಗಿಯೂ ನೆನಪಿಲ್ಲ.

ಛಾಯಾಗ್ರಾಹಕರು ಅವನ ಬೆನ್ನು ತಟ್ಟಿದರು. "ಬಿಡಯ್ಯ. ಹಿಮಾಲಯದಷ್ಟೇ ಎತ್ತರಕ್ಕೆ ಇನ್ನೊಂದು ಕಟ್ಟೋಕೆ ಹೊರಟಿದೀಯ. ಪಕ್ಕದಲ್ಲಿ ಒಂದು ಗುಡ್ಡ ಕಟ್ಟು, ಹತ್ತೋಕೂ ಆಗುತ್ತೆ." ಅವನು ಕೇಳಿಸಿಕೊಂಡ ಹಾಗಿರಲಿಲ್ಲ.

ಮಾರ್ಚ್ ೨೧, ಶುಕ್ರವಾರ

ಚಿತ್ರೀಕರಣ ಇಲ್ಲ. ಬಾಗಿಲ ಶಾಟಿನ ಚಾರ್ಟ್ ಬಾಕಿ ಇತ್ತು. ಬೀರುವಿನ ಗಾಜಿನಲ್ಲಿ ನಮ್ಮ ಲೈಟು ಪ್ರತಿಫಲಿಸುತ್ತಿದೆ, ಮೂಲದಲ್ಲಿ ಅದನ್ನು ಹೇಗೆ ತಪ್ಪಿಸಿದ್ದಾರೆ ನೋಡಬೇಕೆಂದು ಛಾಯಾಗ್ರಾಹಕರು ಹೇಳಿದ್ದರು. ಎಡಿಟಿಂಗ್ ಕೋಣೆಯಲ್ಲಿ ಒಬ್ಬಳೇ ಕೂತು ಒಂದೊಂದೇ ಚೌಕಟ್ಟು ಮುಂದೆ ಸರಿಸುತ್ತ ನೋಡಿದೆ.

ಅವರೂ ತಪ್ಪಿಸಿಲ್ಲ. ಮಗು ಬಾಗಿಲನ್ನು ಪೂರ್ತಿ ತಳ್ಳಿದಾಗ ಬೆಳಕು ಬೀರುವಿನ ಮೇಲೆ ಬೀಳುತ್ತದೆ. ಗಾಜಿನಲ್ಲಿ ಲೈಟಿನ ಸ್ಟ್ಯಾಂಡ್, ಅದರ ಪಕ್ಕದಲ್ಲಿ ಒಂದು ಕುರ್ಚಿ, ಕುರ್ಚಿಯ ಹಿಂದೆ ಒಬ್ಬ ಹೆಂಗಸು. ಕುತ್ತಿಗೆಯಿಂದ ಮಂಡಿಯವರೆಗೆ ಕಾಣುತ್ತಾಳೆ. ಎದೆಗವಚಿ ಒಂದು ಪೆಟ್ಟಿಗೆ ಹಿಡಿದುಕೊಂಡಿದ್ದಾಳೆ. ಮುಚ್ಚಳದ ಮೇಲೆ ಬಿಳಿ ಗಿಳಿ.

ಶಾಟ್ ಮುಗಿಯುವವರೆಗೂ ಅಲ್ಲೇ ಇದ್ದಾಳೆ. ಮಗು ನೋಡುತ್ತಿರುವುದು ಕುರ್ಚಿಯ ಕಾಲಿನ ಪಕ್ಕದ ನೆಲವನ್ನು. ಅಲ್ಲಿ ಏನೂ ಇಲ್ಲ.

ಚಾರ್ಟ್ ಪೂರ್ತಿ ಮಾಡಿದೆ. ಗಾಜಿನಲ್ಲಿ ಪ್ರತಿಫಲನ ಇದೆ, ಎಂದಷ್ಟೇ ಬರೆದೆ.

ಮಾರ್ಚ್ ೨೨, ಶನಿವಾರ

ಹೊಸ ಅನುವಾದದ ಮುನ್ನುಡಿ ಓದಿದೆ. ಹಳೆಯ ಅನುವಾದಕರು ಅಲ್ಲಲ್ಲಿ ತಮ್ಮವೇ ವಾಕ್ಯಗಳನ್ನು ಸೇರಿಸಿದ್ದರಂತೆ. ಕೆಂಪು ದೀಪದ್ದು ಅಂಥದ್ದೊಂದು. ಸಿಟ್ಟು ಬರಲಿಲ್ಲ. ಅಡಿಗೆರೆ ಅಳಿಸಲೂ ಇಲ್ಲ.

ಅಮ್ಮನೊಂದಿಗೆ ಹೆಚ್ಚು ಮಾತಾಡಲಿಲ್ಲ. ತಲೆನೋವು ಎಂದೆ.

ಮಾರ್ಚ್ ೨೩, ಭಾನುವಾರ

ಅಮ್ಮ ಕಿಟಕಿಯ ಬಳಿ ಕೂತು ನನ್ನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಪೆಟ್ಟಿಗೆ ಕುರ್ಚಿಯ ಪಕ್ಕದಲ್ಲಿತ್ತು.

"ಅವತ್ತು ಊಟಕ್ಕೆ ಏನಿತ್ತಮ್ಮ?"

"ಯಾವತ್ತು?"

"ಬಾಗಿಲ ಶಾಟ್ ದಿನ."

"ನಲವತ್ತು ವರ್ಷದ ಹಿಂದಿನ ಊಟ ಯಾರಿಗೆ ನೆನಪಿರುತ್ತೆ ಕಣೇ?"

"ಅವರ ಮೇಲೆ ಎಸೆದಿದ್ದೇನು? ಬಾಚಣಿಗೆನಾ, ಪೌಡರ್ ಡಬ್ಬಿನಾ?"

ಸೂಜಿ ನಿಂತಿತು.

"ಬೀರುವಿನ ಗಾಜಲ್ಲಿ ಕಾಣ್ತೀಯಮ್ಮ" ಎಂದೆ. "ಪೆಟ್ಟಿಗೆ ಹಿಡ್ಕೊಂಡಿದೀಯ."

ಅವಳು ಸೂಜಿಯನ್ನು ಮತ್ತೆ ಬಟ್ಟೆಗೆ ಚುಚ್ಚಿದಳು. ಆಮೇಲೆ ಕೇಳಿದಳು, "ಮುಖ ಕಾಣುತ್ತಾ?"

"ಇಲ್ಲ. ಕುತ್ತಿಗೆಯಿಂದ ಕೆಳಗೆ."

"ನಾನು ಕಣ್ಣು ಮುಚ್ಕೊಂಡಿದ್ದೆ."

ಮುಖ ಕಾಣದಿರುವುದರಿಂದ ಇದನ್ನು ನಂಬಬಹುದು. ನಂಬಿದ್ದೇನೆ.

ಮಿಕ್ಕದ್ದನ್ನು ಅವಳೇ ಹೇಳಿದಳು, ಹೊಲಿಗೆಯಿಂದ ತಲೆಯೆತ್ತದೆ. "ಬಾಯಲ್ಲಿ ಹೇಳಿದ್ದನ್ನ ನೀನು ನಂಬಲಿಲ್ಲ. ಪೆಟ್ಟಿಗೆ ತೋರಿಸಿ ನಕ್ಕೆ. ಆಗ ಆ ಮಹಾನುಭಾವ, ಏನಮ್ಮ, ಆ ಪೆಟ್ಟಿಗೆ ಎತ್ಕೊಂಡು ಲೈಟ್ ಹಿಂದೆ ನಿಂತ್ಕೊ, ಒಂದೇ ನಿಮಿಷ ಅಂದ. ಹೊರಗೆ ಬೆಂಚಿನ ಮೇಲೆ ಇನ್ನೊಬ್ಬ ಹೇರ್‌ಡ್ರೆಸ್ಸರ್ ಕೂತಿದ್ಲು, ಕರೆದರೆ ಬರೋಕೆ ತಯಾರಾಗಿ. ನಿಮ್ಮಪ್ಪ ಹೋಗಿ ಆಗಿತ್ತು. ಪೆಟ್ಟಿಗೆ ತಾನೆ ಎತ್ತೋದು ಅಂದ್ಕೊಂಡೆ." ದಾರ ಕಚ್ಚಿ ಕತ್ತರಿಸಿದಳು. "ಒಂದು ನಿಮಿಷ ಅಂದೋನು ಕಟ್ ಅನ್ನೋದನ್ನೇ ಮರೆತ. ನಾನು ಕಾಯ್ತಾ ನಿಂತಿದ್ದೆ."

"ಏನನ್ನೂ ಎಸೆಯಲಿಲ್ಲ?"

"ಎಸೀಬೇಕಿತ್ತು."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಎಲ್ಲರೂ ಅಷ್ಟು ಹೊಗಳ್ತಿದ್ರಲ್ಲ ನಿನ್ನ" ಎಂದಳು. ಆಮೇಲೆ, "ಗುರುವಾರ ಸಂಜೆ ನಿಮ್ಮ ಹುಡುಗ ಫೋನ್ ಮಾಡಿದ್ದ. ಅಮ್ಮಾ, ನಮ್ಮ ಮಗು ನಂಬ್ತಿಲ್ಲ, ಅವರು ಬೇರೇನು ಮಾಡಿದ್ರು ಅಂತ ಕೇಳಿದ."

"ಹೇಳಿದೆಯಾ?"

"ನಿನ್ನ ಪಿಚ್ಚರ್ರು ನಿಂತುಹೋಗುತ್ತೇನೋ ಅಂತ..." ಅವಳು ಅಂಗಿಯನ್ನು ಮಡಿಸಿ ನನ್ನ ತೊಡೆಯ ಮೇಲಿಟ್ಟಳು. ಗುಂಡಿ ತಪ್ಪು ಜಾಗಕ್ಕೆ ಬಿದ್ದಿತ್ತು. ನಾನು ಹೇಳಲಿಲ್ಲ.

ಸಂಜೆ ಬ್ರೆಡ್ ತರಲು ಹೋದಳು. ಮೂರನೆಯ ಮಹಡಿಯಿಂದ ಕೆಳಗಿನವರೆಗೂ ಮೆಟ್ಟಿಲಿನ ಒಂದೊಂದು ತಿರುವಿನಲ್ಲೂ ಕೂಗಿ ಹೇಳುತ್ತ ಇಳಿದಳು: "ಅಂಗಡಿಗೆ ಹೋಗ್ತಿದೀನಿ! ಬಂದ್ಬಿಡ್ತೀನಿ!" ಇದೂ ಹಳೆಯ ಅಭ್ಯಾಸವೇ. ಕೆಳಗಿನ ಮನೆಯವರು ನಗುತ್ತಾರೆ. ಇವತ್ತು ನಾನು ಬಾಗಿಲಿಗೆ ಬಂದು, "ಹೂಂ, ಹೋಗಿ ಬಾ" ಎಂದೆ. ಕೂಗು ನಿಂತಿತು. ಹಿಂದೆಂದೂ ನಾನು ಉತ್ತರ ಕೊಟ್ಟಿರಲಿಲ್ಲವೆಂದು ತೋರುತ್ತದೆ.

ಮಾರ್ಚ್ ೨೪, ಸೋಮವಾರ

ಹಲ್ಲು ಒಂದು ಎಳೆಯಲ್ಲಿ ನೇತಾಡುತ್ತಿದೆ. ಬಾಗಿಲ ಶಾಟ್ ನಾ‌ಳೆ ಬೆಳಗ್ಗೆ. ನಾಳೆ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ.

ಸಂಜೆ ನಿರ್ದೇಶಕ ನನ್ನನ್ನು ಬದಿಗೆ ಕರೆದ. ಎರಡು ರಾತ್ರಿ ನಿದ್ದೆ ಮಾಡಿದವನ ಹಾಗಿರಲಿಲ್ಲ. ಪಿಟೀಲಿನ ಅಪ್ಪನೂ ಜೊತೆಗಿದ್ದ, ಕೈಯಲ್ಲಿ ಟೋಪಿ ಹಿಡಿದುಕೊಂಡು.

"ಅಕ್ಕ, ಇವರು ಒಪ್ಪಿದಾರೆ. ಬೆಳಗ್ಗೆ ಇವರು ಹೊರಗೆ ವ್ಯಾನಲ್ಲಿ ಕೂತಿರ್ತಾರೆ. ನಾನು ಮಗುಗೆ ಹೇಳ್ತೀನಿ. ಅದಕ್ಕೂ ಮುಂಚೆ ಚೀಲ ಅಲ್ಲಿಂದ ಎತ್ತಿಡಬೇಕು. ಸಾಮಾನು ಸರಿಸೋರು ನೀವೇ ಆದ್ರಿಂದ ಅವಳಿಗೆ ಅನುಮಾನ ಬರಲ್ಲ."

"ಐದು ನಿಮಿಷ ತಾನೆ ಮೇಡಂ?" ಅಪ್ಪ ಕೇಳಿದ. ನನ್ನನ್ನೇ ಕೇಳಿದ. "ಆಮೇಲೆ ಸರಿಹೋಗ್ತಾಳಲ್ವಾ?"

"ನೋಡಿ, ಅಕ್ಕನ್ನೇ ನೋಡಿ" ಎಂದ ನಿರ್ದೇಶಕ. "ಇವರಿಗೂ ಹಾಗೇ ಮಾಡಿದ್ದು. ಏನಾಗಿದೆ ಹೇಳಿ? ಚೆನ್ನಾಗೇ ಇದಾರೆ."

ಇಬ್ಬರೂ ನನ್ನನ್ನು ನೋಡಿದರು. ಆಗ ನನ್ನ ಫೋನ್ ಬಡಿದುಕೊಂಡಿತು. ಅಮ್ಮ. ಇವತ್ತು ನಾನು ಒಂದು ಸಲವೂ ಮಾಡಿರಲಿಲ್ಲವಂತೆ, ಹುಷಾರಾಗಿದ್ದೇನಾ ಎಂದು ಕೇಳಲು ಅವಳೇ ಮಾಡಿದ್ದಳು. ಹೌದು, ಮರೆತಿದ್ದೆ. ಹುಷಾರಾಗಿದ್ದೇನೆ ಎಂದೆ.

ಅವರಿಬ್ಬರಿಗೂ ನಾನು ಉತ್ತರ ಕೊಡಲಿಲ್ಲ. ಸುಮ್ಮನಿರುವುದನ್ನು ಒಪ್ಪಿಗೆ ಎಂದುಕೊಂಡು ಹೋದರು. ನನ್ನ ಬಗ್ಗೆ ಎಲ್ಲರೂ ಹಾಗೆಯೇ ತಿಳಿಯುತ್ತಾರೆ, ಅದಕ್ಕೆ ಅವರನ್ನು ದೂರುವಂತಿಲ್ಲ.

ಹುಡುಗ ಕೆಟ್ಟವನಲ್ಲ. ಅವನಿಗೆ ಬೇಕಾಗಿರುವುದು ಆ ಶಾಟ್, ಅದಕ್ಕೆ ಇರುವುದು ಒಂದೇ ದಾರಿ. ಅವನ ಲೆಕ್ಕ ಸರಿಯಾಗಿಯೇ ಇದೆ. ಚೀಲ ಎತ್ತಿದರೆ ನಾಳೆಯ ಶಾಟ್ ಮೂಲಕ್ಕೆ ಸಮ ಬರುತ್ತದೆ, ಬಹುಶಃ ಮೀರಿಸುತ್ತದೆ. ಎತ್ತದಿದ್ದರೆ ಬರುವುದಿಲ್ಲ. ಮಾರ್ಚ್ ಮೂರರಂದು ಬರೆದದ್ದನ್ನು ಈಗ ತಿರುಗಿ ಓದಿದೆ. ಯಾವುದೂ ಮೂಲದ ಹತ್ತಿರಕ್ಕೂ ಬರುವುದಿಲ್ಲ ಎಂದಿದ್ದೇನೆ. ಹತ್ತಿರಕ್ಕೂ ಬರಬಾರದ ಮೂಲಗಳೂ ಇರುತ್ತವೆ ಎಂದು ಅದರ ಕೆಳಗೆ ಸೇರಿಸಬೇಕು.

ನಾಳೆ ನಾನು ಎಲ್ಲರಿಗಿಂತ ಮುಂಚೆ ಹೋಗುತ್ತೇನೆ. ಪಿಟೀಲು ಮೇಕಪ್ ಕುರ್ಚಿಯಲ್ಲಿ ಕೂತಿರುವಾಗಲೇ ಹೇಳುತ್ತೇನೆ: ಯಾರು ಏನೇ ಹೇಳಲಿ, ನಿಮ್ಮಪ್ಪ ಇಲ್ಲೇ ಇದಾನೆ, ಹೊರಗೆ ವ್ಯಾನಲ್ಲಿ. ಅವಳು ಎಲ್ಲರಿಗೂ ಹೇಳಿಕೊಂಡು ಬರುತ್ತಾಳೆ, ಆ ಬಾಯಿಯೇ ಅಂಥದ್ದು. ಆಗ ನಿರ್ದೇಶಕ ಬರುತ್ತಾನೆ. ಅವನಿಗೆ ಬೀರುವಿನ ಗಾಜಿನಲ್ಲಿ ಇರುವುದೇನೆಂದು ಹೇಳುತ್ತೇನೆ. ಗುರುವಾರದ ಶೂ ಟೇಕಿನ ಬಗ್ಗೆಯೂ ಹೇಳುತ್ತೇನೆ, ಮತ್ತೆ ತೆಗೆಯಬೇಕಾದರೆ ಯಾವ ಕಾಲು ಮೊದಲು ಎಂಬುದು ನನ್ನ ಬಳಿ ಇದೆ. ಕೇಳುತ್ತಾನೋ, ನನ್ನನ್ನು ಮನೆಗೆ ಕಳಿಸುತ್ತಾನೋ ಗೊತ್ತಿಲ್ಲ. ಬರೆದುಕೊಡುವುದಿಲ್ಲ. ಬಾಯಲ್ಲೇ ಹೇಳುತ್ತೇನೆ.

ಚೀಲ ಎತ್ತುವುದಿಲ್ಲ. ಕುರ್ಚಿಯ ಪಕ್ಕದಲ್ಲೇ ಇರುತ್ತದೆ, ಅವಳಿಗೆ ಕಾಣುವ ಹಾಗೆ.